ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡಾಗ: ಪರಿಹಾರದ ಕೇಸು ಹಾಕುವುದು ಹೇಗೆ?

ನಮ್ಮ ಭಾವ ಕಾರಟಗಿಯಲ್ಲಿ ಅಕ್ಕಿ ಗಿರಣಿಯ ಹಮಾಲಿ. ಎರಡು ವರ್ಷದ ಹಿಂದೆ ಸಿಂಧನೂರು ಕಡೆಯಿಂದ ಬೈಕಿನಲ್ಲಿ ಬರುವಾಗ ಆಂಧ್ರದ ಲಾರಿಯೊಂದು ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಶವಾಗಾರದ ಮುಂದೆ ನಾವು ಅಳುತ್ತಾ ಕೂತಿದ್ದೆವು. ಆಗಲೇ ಗುರುತಿಲ್ಲದ ಒಬ್ಬ ಮನುಷ್ಯ ಹತ್ತಿರ ಬಂದ. ‘ಅಣ್ಣಾರ, ಚಿಂತಿ ಮಾಡಬ್ಯಾಡ್ರಿ. ಇಪ್ಪತ್ತೈದು ಲಕ್ಷ ಕೊಡಸ್ತೀನಿ. ಅಕ್ಕಾರ್ದು ಇಲ್ಲೊಂದು ಸೈನ್ ಹಾಕಸ್ರಿ’ ಅಂದ. ಕೈಯಲ್ಲಿ ಖಾಲಿ ವಕಾಲತ್ತು ಹಾಳೆಗಳಿದ್ದವು. ಚಿಕ್ಕಪ್ಪ ಗದರಿಸಿದ ಮೇಲೆ ಹೋದ. ಆದರೆ ತನ್ನ ನಂಬರನ್ನು ಮಾತ್ರ ನನ್ನ ಜೇಬಿಗೆ ತುರುಕಿಯೇ ಹೋದ.

ಆಮೇಲೆ ಅಕ್ಕನ ಜೊತೆ ಠಾಣೆ, ನಾಡಕಚೇರಿ, ಕೋರ್ಟು ಅಂತ ಓಡಾಡಿದವನು ನಾನು. ನಾನು ವಕೀಲನಲ್ಲ. ಆದರೆ ಓಡಾಡಿ ಓಡಾಡಿ ಒಂದು ಮಾತು ತಿಳಿಯಿತು: ಈ ಕೇಸುಗಳ ಹಣೆಬರಹ ಬರೆಯುವುದು ಕೋರ್ಟಿನ ವಾದಕ್ಕಿಂತ ಜಾಸ್ತಿ, ಮೊದಲ ಎರಡು ಮೂರು ತಿಂಗಳಲ್ಲಿ ನಾವು ಕೂಡಿಸಿದ ಕಾಗದ. ಹಾಗಾಗಿ ಈ ಬರಹದಲ್ಲೂ ಕಾಗದದ ಮಾತೇ ಜಾಸ್ತಿ.

ಮೊದಲ ಹಂತ: ಠಾಣೆಯ ಕಾಗದ

ಅಪಘಾತ ಯಾವ ಠಾಣೆಯ ಸರಹದ್ದಿನಲ್ಲಿ ಆಯಿತೋ ಅಲ್ಲಿ ದೂರು ದಾಖಲಾಗಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ನಿರ್ಲಕ್ಷ್ಯದಿಂದ ಸಾವು ತಂದ ಆರೋಪಕ್ಕೆ ಮೊದಲು ಐಪಿಸಿ 304ಎ ಹಾಕುತ್ತಿದ್ದರು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಆಗಿದೆ. ದೂರು ಬರೆಸುವಾಗ ಗಾಬರಿಯಲ್ಲಿ ತಪ್ಪುಗಳಾಗುತ್ತವೆ. ವಾಹನದ ನಂಬರು, ಯಾವ ದಿಕ್ಕಿನಿಂದ ಬಂತು, ನೋಡಿದವರು ಯಾರು, ಇವಿಷ್ಟನ್ನು ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ. ದೂರು ಕೊಡುವುದು ಒಂದೆರಡು ದಿನ ತಡವಾಯಿತು ಅಂತ ಕೇಸು ಬಿದ್ದುಹೋಗುವುದಿಲ್ಲ. ಮನೆಯವರು ಮೊದಲು ಹೆಣದ ಕಡೆ ನೋಡುತ್ತಾರೆ, ಠಾಣೆಯ ಕಡೆ ಅಲ್ಲ ಅನ್ನುವುದು ಕೋರ್ಟಿಗೂ ಗೊತ್ತು. ಆದರೆ ಯಾಕೆ ತಡವಾಯಿತು ಅಂತ ಬರೆಸಿರಬೇಕು.

ಮರಣೋತ್ತರ ಪರೀಕ್ಷೆ ಬೇಡ ಅಂತ ಮನೆಯ ಹಿರಿಯರು ಹಟ ಹಿಡಿಯುವುದುಂಟು. ದಯವಿಟ್ಟು ಒಪ್ಪಿಸಿ. ಸಾವು ಅಪಘಾತದ ಗಾಯದಿಂದಲೇ ಆಯಿತು ಅಂತ ತೋರಿಸುವ ಮುಖ್ಯ ಕಾಗದ ಅದು. ಗಾಯಗೊಂಡು ಕೆಲವು ದಿನ ಬಳ್ಳಾರಿಯ ಬಿಎಂಸಿಆರ್‌ಸಿ (ಹಳಬರಿಗೆ ಅದು ಇನ್ನೂ ವಿಮ್ಸ್), ರಾಯಚೂರಿನ ರಿಮ್ಸ್ ಅಥವಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದು ಆಮೇಲೆ ತೀರಿಕೊಂಡಿದ್ದರೆ, ದಾಖಲಾದ ದಿನದ ಚೀಟಿಯಿಂದ ಹಿಡಿದು ಕೊನೆಯ ಬಿಲ್ಲಿನವರೆಗೆ ಎಲ್ಲವೂ ಬೇಕು. ಆ ಖರ್ಚೂ ಪರಿಹಾರದಲ್ಲಿ ಸೇರುತ್ತದೆ.

ತನಿಖೆಯ ಕಾಗದಗಳು ಒಂದೊಂದಾಗಿ ತಯಾರಾಗುತ್ತವೆ: ಸ್ಥಳ ಪಂಚನಾಮೆ, ನಕ್ಷೆ, ಶವ ಪಂಚನಾಮೆ, ಮರಣೋತ್ತರ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಚಾಲಕನ ಲೈಸೆನ್ಸ್, ಆರ್‌ಸಿ, ವಿಮೆ ಪಾಲಿಸಿ, ಕೊನೆಗೆ ದೋಷಾರೋಪ ಪಟ್ಟಿ. 2022ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೂ (ನಮ್ಮ ಪರಿಹಾರದ ಅರ್ಜಿ ಕೇಳುವ ಕೋರ್ಟು ಇದೇ) ವಿಮೆ ಕಂಪನಿಗೂ ಕಳಿಸಬೇಕು. ಪೂರ್ತಿ ವರದಿಯನ್ನು 90 ದಿನದೊಳಗೆ ಸಲ್ಲಿಸಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ಆದೇಶಿಸಿತು. ಕಾನೂನು ಹೀಗಿದೆ ಅಂತ ಮನೆಯಲ್ಲಿ ಕೂತರೆ ಆಗದು. ಎರಡು ವಾರಕ್ಕೊಮ್ಮೆ ಠಾಣೆಗೆ ಹೋಗಿ, ತನಿಖಾಧಿಕಾರಿಯ ಹತ್ತಿರ ‘ಸರ್, ವರದಿ ಹೋಯ್ತಾ?’ ಅಂತ ಕೇಳಿ. ಕೇಳುವವರ ಫೈಲು ಮೇಲೆ ಬರುತ್ತದೆ.

ಆ ಲಾರಿಗೆ ವಿಮೆ ಇದೆಯಾ ಅಂತ ಎಂಪರಿವಾಹನ್ ಆಪ್‌ನಲ್ಲಿ ನಂಬರು ಹಾಕಿದರೆ ಗೊತ್ತಾಗುತ್ತದೆ. ವಿಮೆ ಇಲ್ಲದಿದ್ದರೆ ಬೇಗ ವಕೀಲರ ಹತ್ತಿರ ಹೋಗಿ. ಮಾಲೀಕ ಜಾಮೀನು ಕೊಡದೆ ವಾಹನ ಬಿಡಿಸಿಕೊಂಡು ಹೋಗದಂತೆ ತಡೆಯಬೇಕು. ವಾಹನ ಕೈಬಿಟ್ಟ ಮೇಲೆ ಅಂಥ ಮಾಲೀಕನಿಂದ ದುಡ್ಡು ವಸೂಲಿ ಮಾಡುವುದು ಬಹಳ ಕಷ್ಟ.

ಎರಡನೇ ಹಂತ: ಮನೆಯ ಕಾಗದ

ಮರಣ ಪತ್ರ, ವಂಶವೃಕ್ಷ, ರೇಷನ್ ಕಾರ್ಡ್, ಎಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪ್ಯಾನ್. ಇವು ಎಲ್ಲರಿಗೂ ಗೊತ್ತಿರುವವೇ. ಪರಿಹಾರದ ಮೊತ್ತ ನಿಂತಿರುವುದು ಬೇರೆ ಎರಡರ ಮೇಲೆ: ತೀರಿಕೊಂಡವರ ವಯಸ್ಸು ಮತ್ತು ಅವರ ದುಡಿಮೆ.

ವಯಸ್ಸಿನದು ದೊಡ್ಡ ಕತೆ. ನಮ್ಮ ಕಡೆ ಎಷ್ಟೋ ಜನರ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1. ನೋಂದಣಿಗೆ ಕೂತ ಹುಡುಗ ‘ಅಂದಾಜು ಎಷ್ಟ್ರಿ?’ ಅಂತ ಕೇಳಿ ಬರೆದದ್ದು. ನಮ್ಮ ಭಾವನಿಗೆ ಆಧಾರ್ ಪ್ರಕಾರ 37 ವರ್ಷ. ಅವರು ಓದಿದ ಹಳ್ಳಿ ಶಾಲೆಗೆ ಹೋಗಿ ಹಳೆಯ ರಿಜಿಸ್ಟರ್ ತೆಗೆಸಿ ಟಿ.ಸಿ. ಮಾಡಿಸಿದರೆ ಅದರಲ್ಲಿ 34! ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ, ಶಾಲೆಯ ದಾಖಲೆ ಇದ್ದರೆ ಅದನ್ನು ಹಿಡಿಯಬೇಕು ಎಂದು 2024ರ ಅಕ್ಟೋಬರಿನಲ್ಲಿ ಇಂಥದ್ದೇ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮೂರು ವರ್ಷದ ಬೆಲೆ ಎಷ್ಟು ಅಂತ ಮುಂದೆ ಲೆಕ್ಕದಲ್ಲಿ ನೋಡೋಣ.

ಇನ್ನು ದುಡಿಮೆ. ನೌಕರಿಯವರಿಗೆ ಸಂಬಳದ ಚೀಟಿ ಇರುತ್ತದೆ. ಹಮಾಲಿ, ಮೇಸ್ತ್ರಿ, ಆಟೋದವರು, ಕುರಿ ಸಾಕಿದವರಿಗೆ ಏನಿರುತ್ತದೆ? ಹುಡುಕಿದರೆ ಇರುತ್ತದೆ. ಪಹಣಿ, ಎಪಿಎಂಸಿಯಲ್ಲಿ ಭತ್ತ, ಮೆಣಸಿನಕಾಯಿ ಮಾರಿದ ಚೀಟಿ, ಡೈರಿಗೆ ಹಾಲು ಹಾಕಿದ ಪುಸ್ತಕ, ಫೋನ್‌ಪೇ ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಬೈಕಿನ ಸಾಲದ ಕಂತು ಕಟ್ಟಿದ ರಸೀದಿ. ತಿಂಗಳಿಗೆ ಆರು ಸಾವಿರ ಕಂತು ತಪ್ಪದೆ ಕಟ್ಟಿದವನು ಎಂಟು ಸಾವಿರ ಮಾತ್ರ ದುಡಿಯುತ್ತಿದ್ದ ಅಂದರೆ ನಂಬಲಾಗದು, ಅಲ್ವಾ? ಕೆಲಸ ಕೊಟ್ಟ ಮಾಲೀಕರು ಕೋರ್ಟಿಗೆ ಬಂದು ಸಾಕ್ಷಿ ಹೇಳಿದರೆ ಇನ್ನೂ ಗಟ್ಟಿ. ಬರೀ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಬಂದ ಪತ್ರವನ್ನು ವಿಮೆ ಕಂಪನಿಯ ವಕೀಲರು ಎರಡೇ ಪ್ರಶ್ನೆಯಲ್ಲಿ ಹರಿದುಹಾಕುತ್ತಾರೆ. ಸುಳ್ಳು ಪತ್ರವಂತೂ ಬೇಡವೇ ಬೇಡ.

ಏನೂ ಸಿಗದಿದ್ದರೂ ಕೇಸು ಬೀಳದು. ರಾಜಿ ಮಾಡಿಸುವ ಲೋಕ ಅದಾಲತ್ತುಗಳಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ. ಪುರಾವೆ ಇಲ್ಲದ ಕಡೆ ನಮ್ಮ ಹೈಕೋರ್ಟೂ ಅದನ್ನೇ ಹಿಡಿಯುತ್ತದೆ. ಅಪಘಾತವಾದ ವರ್ಷದ ಅಂಕಿ ಎಷ್ಟು ಅಂತ ವಕೀಲರನ್ನು ಕೇಳಿ. ತೀರಿಕೊಂಡವರು ಗೃಹಿಣಿಯಾಗಿದ್ದರೂ ಅಷ್ಟೆ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಇದೇ ಹೊತ್ತಿನಲ್ಲಿ ತೀರಿಕೊಂಡವರ ಪಾಸ್‌ಬುಕ್ಕನ್ನೂ ಒಮ್ಮೆ ತಿರುವಿ ಹಾಕಿ. ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ, ಅಪಘಾತದ ಸಾವಿಗೆ 2 ಲಕ್ಷ. 436 ರೂಪಾಯಿ ಕಡಿತವಾಗಿದ್ದರೆ ಜೀವನಜ್ಯೋತಿಯ ಇನ್ನೊಂದು 2 ಲಕ್ಷ. ಇವನ್ನು ತಡಮಾಡದೆ ಬ್ಯಾಂಕಿನಲ್ಲಿ ಕೇಳಿ. ಈ ದುಡ್ಡು ಬಂತು ಅಂತ ಕೋರ್ಟಿನ ಪರಿಹಾರ ಕಡಿಮೆಯಾಗುವುದಿಲ್ಲ.

ಮೂರನೇ ಹಂತ: ಆರು ತಿಂಗಳ ಗಡುವು

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಹಿಂದೆ ಬಹಳ ವರ್ಷ ಇಂಥ ಗಡುವು ಇರಲಿಲ್ಲ. ಹಾಗಾಗಿ ‘ಮೂರು ವರ್ಷ ಟೈಮ್ ಐತಿ’ ಅನ್ನುವ ಹಳಬರು ಈಗಲೂ ಸಿಗುತ್ತಾರೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ತಡವಾದವರು ಅದನ್ನು ಹಿಡಿದು ಕೂಡಲೇ ವಕೀಲರ ಹತ್ತಿರ ಹೋಗಲಿ. ಸಮಯ ಇದ್ದವರು ಮಾತ್ರ ಆ ಆದೇಶ ನಂಬಿ ಕೂರಬೇಡಿ. ಮಧ್ಯಂತರ ಆದೇಶ ಯಾವತ್ತಾದರೂ ಬದಲಾಗಬಹುದು.

ಎಲ್ಲಿ ಹಾಕಬೇಕು? ಅಪಘಾತವಾದ ಜಾಗದ ಕೋರ್ಟು, ನೀವಿರುವ ಊರಿನ ಕೋರ್ಟು, ಎದುರುಪಾರ್ಟಿ ಇರುವ ಊರಿನ ಕೋರ್ಟು, ಮೂರರಲ್ಲಿ ಆಯ್ಕೆ ನಿಮ್ಮದು. ಮಂತ್ರಾಲಯಕ್ಕೆ ಹೋಗುವಾಗ ಆದೋನಿ ಹತ್ತಿರ ಅಪಘಾತವಾಯಿತು ಅಂತ ಆಂಧ್ರದ ಕೋರ್ಟಿಗೆ ಅಲೆಯಬೇಕಿಲ್ಲ, ಬಳ್ಳಾರಿಯಲ್ಲೇ ಹಾಕಬಹುದು. ನಮ್ಮದು ಅಪಘಾತ ಆದದ್ದು ರಾಯಚೂರು ಜಿಲ್ಲೆಯಲ್ಲಿ, ಅಕ್ಕನ ಮನೆ ಕೊಪ್ಪಳ ಜಿಲ್ಲೆಯಲ್ಲಿ. ಗಂಗಾವತಿಯಲ್ಲಿ ಹಾಕಿದೆವು. ಇನ್ನೊಂದು ಯೋಚನೆಯೂ ಇದೆ. ಬಳ್ಳಾರಿ, ಕೊಪ್ಪಳದ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಗುತ್ತದೆ, ರಾಯಚೂರಿನದು ಕಲಬುರಗಿ ಪೀಠಕ್ಕೆ. ಮುಂದೆ ಓಡಾಡುವವರು ನೀವೇ ತಾನೇ?

ಅರ್ಜಿಯಲ್ಲಿ ಯಾರನ್ನೂ ಬಿಡಬೇಡಿ. ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರೂ ಒಂದೇ ಅರ್ಜಿಯಲ್ಲಿರಲಿ. ಅತ್ತೆ ಸೊಸೆ ಜಗಳವಾಡಿ ಬೇರೆ ಬೇರೆ ವಕೀಲರನ್ನು ಹಿಡಿದು ವರ್ಷಗಟ್ಟಲೆ ಕೇಸು ಎಳೆದ ಮನೆಗಳನ್ನು ಕೋರ್ಟಿನ ಆವರಣದಲ್ಲೇ ನೋಡಿದ್ದೇನೆ. ಪಾಲು ಹಂಚುವುದು ನ್ಯಾಯಾಧೀಶರ ಕೆಲಸ. ನೀವು ಕೂಡಿ ಕೇಳಿ. ಎದುರುಪಾರ್ಟಿಯಾಗಿ ವಾಹನದ ಮಾಲೀಕ ಮತ್ತು ವಿಮೆ ಕಂಪನಿ ಇರಬೇಕು. ಸರ್ಕಾರಿ ಬಸ್ಸಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಮೇಲೆಯೇ ಹಾಕಬೇಕು.

ವಕೀಲರ ಫೀಸಿನ ಮಾತು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಮಾತಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರ್ ಕೇಳಿದರೆ ಎದ್ದು ಬನ್ನಿ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನಾಲ್ಕನೇ ಹಂತ: ಲೆಕ್ಕ ನೀವೇ ಹಾಕಿ

ಇದನ್ನು ವಕೀಲರಿಗೆ ಬಿಟ್ಟು ಸುಮ್ನೆ ಕೂರಬೇಡಿ. ಲೆಕ್ಕ ಗೊತ್ತಿದ್ದರೆ ಯಾರೂ ನಿಮ್ಮನ್ನು ಯಾಮಾರಿಸಲು ಆಗದು. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಕೇಸುಗಳ ಸುಪ್ರೀಂ ಕೋರ್ಟ್ ತೀರ್ಪುಗಳು ಸೂತ್ರ ಹಾಕಿಕೊಟ್ಟಿವೆ.

ಒಬ್ಬ ಹಮಾಲಿ, 34 ವರ್ಷ. ತಿಂಗಳ ದುಡಿಮೆ 15,000 ಅಂತ ಹಿಡಿಯೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಬದುಕಿದ್ದರೆ ದುಡಿಮೆ ಏರುತ್ತಿತ್ತಲ್ಲ, ಅದಕ್ಕೆ 40 ಪ್ರತಿಶತ ಸೇರಿಸಬೇಕು. ಅಲ್ಲಿಗೆ 21,000. ವರ್ಷಕ್ಕೆ 2,52,000. ಅವನ ಸ್ವಂತ ಖರ್ಚಿಗೆ ಅಂತ ಕಾಲು ಭಾಗ ಕಳೆದರೆ ಉಳಿದದ್ದು 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 31ರಿಂದ 35ಕ್ಕೆ ಗುಣಕ 16. ಒಟ್ಟು 30,24,000.

ಇದರ ಮೇಲೆ ಸಾಂಗತ್ಯ ನಷ್ಟ (ಅವನ ಒಡನಾಟ, ಆಸರೆ ಕಳೆದುಕೊಂಡದ್ದಕ್ಕೆ) ಅಂತ ತಲೆಗೆ 48,400. ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಾಯಿಗೂ ಉಂಟು. ನಾಲ್ವರಿಗೆ 1,93,600. ಆಸ್ತಿ ನಷ್ಟಕ್ಕೆ (ಬದುಕಿದ್ದರೆ ಅವನು ಕೂಡಿಡುತ್ತಿದ್ದ ಗಂಟಿಗೆ) 18,150, ಅಂತ್ಯಕ್ರಿಯೆಗೆ 18,150. ಎಲ್ಲಾ ಕೂಡಿ 32,53,900 ರೂಪಾಯಿ. 2017ರಲ್ಲಿ 40,000, 15,000, 15,000 ಅಂತ ಇದ್ದ ಈ ಮೊತ್ತಗಳಿಗೆ ಮೂರು ವರ್ಷಕ್ಕೊಮ್ಮೆ 10 ಪ್ರತಿಶತ ಏರಿಸಬೇಕು ಎಂದು ತೀರ್ಪೇ ಹೇಳಿದೆ. ಮೇಲಿನವು 2023ರಲ್ಲಿ ಏರಿದ ಮೇಲಿನ ಅಂಕಿ.

ಈಗ ವಯಸ್ಸಿನ ಆಟ ನೋಡಿ. ಅದೇ ಮನುಷ್ಯನಿಗೆ 37 ಅಂತ ಬರೆದರೆ ಗುಣಕ 15. ಒಂದೇ ಏಟಿಗೆ 1,89,000 ರೂಪಾಯಿ ಹೋಯಿತು. ಒಂದು ಟಿ.ಸಿ.ಯ ಬೆಲೆ ಅದು.

ನಿಮ್ಮ ಲೆಕ್ಕಕ್ಕೆ ಬೇಕಾದ ಉಳಿದ ಅಂಕಿಗಳು ಇಲ್ಲಿವೆ. ಗುಣಕ: 25ರವರೆಗೆ 18, 26ರಿಂದ 30ಕ್ಕೆ 17, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದರ ಮೇಲೆ 5. ಮುಂದಿನ ಏರಿಕೆ: ಸ್ವಂತ ದುಡಿಮೆಯವರಿಗೆ 40ರ ಒಳಗೆ 40 ಪ್ರತಿಶತ, 50ರವರೆಗೆ 25, 60ರವರೆಗೆ 10. ಕಾಯಂ ನೌಕರರಿಗೆ ಇದೇ ಕ್ರಮದಲ್ಲಿ 50, 30, 15. ಸ್ವಂತ ಖರ್ಚಿನ ಕಡಿತ: ಅವಲಂಬಿತರು ಎರಡು ಮೂರು ಜನರಿದ್ದರೆ ಮೂರನೇ ಒಂದು ಭಾಗ, ನಾಲ್ಕರಿಂದ ಆರಾದರೆ ಕಾಲು, ಅದಕ್ಕೂ ಜಾಸ್ತಿಯಾದರೆ ಐದನೇ ಒಂದು ಭಾಗ. ಮದುವೆಯಾಗದ ಹುಡುಗನಾದರೆ ಅರ್ಧ. ಅಲ್ಲಿಯೂ ಗುಣಕ ಹಿಡಿಯಬೇಕಾದದ್ದು ತೀರಿಕೊಂಡ ಹುಡುಗನ ವಯಸ್ಸಿಗೆ, ತಾಯಿಯ ವಯಸ್ಸಿಗೆ ಅಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ರಾಜಿ ಮಾತಿನಲ್ಲಿ ತಾಯಿಯ ವಯಸ್ಸು ಹಿಡಿದು ಲೆಕ್ಕ ಒಪ್ಪಿಸಲು ನೋಡುವವರಿದ್ದಾರೆ.

ಸಿಕ್ಕು ಬೀಳುವ ಜಾಗಗಳು

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಜಾಸ್ತಿ ಕಣ್ಣೀರು ತರಿಸುವುದು ಟ್ರ್ಯಾಕ್ಟರು ಮತ್ತು ಗೂಡ್ಸ್ ಗಾಡಿ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಕೂಲಿಯವರನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಹುಲಿಗೆಮ್ಮನ ಹುಣ್ಣಿಮೆಗೂ ಅದೇ ಗಾಡಿ. ಪಲ್ಟಿಯಾದರೆ ಆ ಗಾಡಿಯ ವಿಮೆ ಕಂಪನಿ ‘ಇದು ಸಾಮಾನು ಸಾಗಿಸುವ ವಾಹನ, ಪ್ರಯಾಣಿಕರಿಗೆ ನಮ್ಮ ಹೊಣೆ ಇಲ್ಲ’ ಅನ್ನುತ್ತದೆ. ಕಾನೂನು ಹೆಚ್ಚಾಗಿ ಅವರ ಕಡೆಗೇ ಇದೆ. ತನ್ನ ಸಾಮಾನಿನ ಜೊತೆ ಹೋಗುತ್ತಿದ್ದ ಸಾಮಾನಿನ ಮಾಲೀಕನಿಗೆ ರಕ್ಷಣೆ ಉಂಟು. ಆ ಗಾಡಿಯಲ್ಲೇ ಸಂಬಳಕ್ಕಿದ್ದ ಡ್ರೈವರ್, ಕ್ಲೀನರ್, ಲೋಡು ಹೊರುವವರಿಗೆ ನೌಕರರ ಪರಿಹಾರದ ದಾರಿಯೂ ಇದೆ (ಹಳೆಯ ನೌಕರರ ಪರಿಹಾರ ಕಾಯ್ದೆ 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ). ಆದರೆ ಎರಡೂ ಕಡೆ ಕೇಳುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಬೇರೆ ವಾಹನ ಬಂದು ಟ್ರ್ಯಾಕ್ಟರಿಗೆ ಹೊಡೆದಿದ್ದರೆ ಆ ವಾಹನದ ವಿಮೆಯ ಮೇಲೆ ಧಾರಾಳವಾಗಿ ಕೇಳಬಹುದು. ಇಬ್ಬರು ಚಾಲಕರದೂ ತಪ್ಪಿದ್ದರೆ, ಒಳಗೆ ಕೂತವನ ಮನೆಯವರು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಒಬ್ಬರಿಂದಲೇ ಕೇಳಬಹುದು.

ಬೈಕು ತಾನೇ ಸ್ಕಿಡ್ ಆಗಿ ಸವಾರ ತೀರಿಕೊಂಡರೆ ಹೊಣೆ ಹೊರಿಸಲು ಎದುರಿಗೆ ಯಾರೂ ಇರುವುದಿಲ್ಲ. ಆಗ ನೋಡಬೇಕಾದದ್ದು ಆ ಬೈಕಿನ ಪಾಲಿಸಿಯಲ್ಲಿ ಮಾಲೀಕ ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದೆಯಾ ಅಂತ. ಇದ್ದರೆ, ಸವಾರನೇ ಮಾಲೀಕನಾಗಿದ್ದು ಲೈಸೆನ್ಸ್ ಸರಿಯಿದ್ದರೆ 15 ಲಕ್ಷ.

ಬೈಕಿನಲ್ಲಿ ಮೂವರಿದ್ದರು, ಹಾಗಾಗಿ ಪರಿಹಾರ ಕಡಿಮೆ ಅಂತಲೂ ವಾದ ಬರುತ್ತದೆ. ಬರೀ ಮೂವರಿದ್ದದ್ದೇ ಸಾಲದು, ಅದರಿಂದಲೇ ಅಪಘಾತವಾಯಿತು ಅಂತ ತೋರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಡೆದ ವಾಹನ ಸಿಗದೇ ಹೋದರೆ? ಸಾವಿಗೆ 2 ಲಕ್ಷ ರೂಪಾಯಿಯ ಯೋಜನೆ ಇದೆ. 2022ರ ಏಪ್ರಿಲ್‌ವರೆಗೆ ಅದು ಬರೀ 25,000 ಇತ್ತು. ಅರ್ಜಿ ಕೊಡುವುದು ಕೋರ್ಟಿಗಲ್ಲ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಒಂದು ತಿಂಗಳಾದರೂ ವಾಹನ ಪತ್ತೆಯಾಗದಿದ್ದರೆ, ಇಂಥ ಯೋಜನೆ ಇದೆ ಅಂತ ಪೊಲೀಸರೇ ಮನೆಯವರಿಗೆ ಬರೆದು ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

ಐದನೇ ಹಂತ: ಕೋರ್ಟು ಮತ್ತು ರಾಜಿ

ಅರ್ಜಿ ದಾಖಲಾದ ಮೇಲೆ ಎಂವಿಸಿ (ಮೋಟಾರು ವಾಹನ ಕೇಸು) ನಂಬರು ಬೀಳುತ್ತದೆ. ನೋಟಿಸ್, ತಕರಾರು, ನಿಮ್ಮ ಪ್ರಮಾಣಪತ್ರ, ಪಾಟಿ ಸವಾಲು ಅಂತ ನಡೆಯುತ್ತದೆ. ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆಪ್‌ನಲ್ಲಿ ನೀವೇ ನೋಡಬಹುದು. ‘ಅಪಘಾತ ಕಣ್ಣಾರೆ ನೋಡಿದ್ದೀರಾ?’ ಅಂತ ಅಕ್ಕನನ್ನು ಕೇಳಿದರು. ‘ಇಲ್ಲ ಸಾಹೇಬರ, ನಾನು ಮನಿಯಾಗಿದ್ದೆ’ ಅಂದಳು. ಅಷ್ಟೇ ಸಾಕು. ನೋಡದ್ದನ್ನು ನೋಡಿದೆ ಅಂದರೆ ಇಡೀ ಸಾಕ್ಷಿ ಹಾಳು. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಇಲ್ಲಿ ಬೇಕಿಲ್ಲ. ನೋಡಿದವರೊಬ್ಬರು ಬಂದು ಹೇಳಿದರೆ ಒಳ್ಳೆಯದು.

ನಡುವೆ ರಾಜಿಯ ಮಾತು ಬರುತ್ತದೆ. ಎರಡು ಬಗೆ. ಒಂದು, 164ನೇ ಕಲಂನ 5 ಲಕ್ಷ. ಯಾರ ತಪ್ಪು ಅಂತ ತೋರಿಸಬೇಕಿಲ್ಲ, ಬೇಗ ಸಿಗುತ್ತದೆ. ಆದರೆ ಅದನ್ನು ಒಪ್ಪಿಕೊಂಡರೆ 166ರ ದೊಡ್ಡ ಅರ್ಜಿ ಅಲ್ಲಿಗೇ ಮುಗಿಯಿತು. ತಪ್ಪು ತೋರಿಸಲು ದಾರಿಯೇ ಇಲ್ಲದ ಕೇಸಿಗೆ ಅದು ಸರಿ. ಮೂವತ್ತು ಲಕ್ಷದ ಕೇಸಿಗೆ ಖಂಡಿತ ಅಲ್ಲ.

ಇನ್ನೊಂದು ಲೋಕ ಅದಾಲತ್. ನನಗೆ ಅದರ ಮೇಲೆ ಗೌರವವಿದೆ. ವರ್ಷಗಟ್ಟಲೆ ಅಲೆಯುವ ಬದಲು ಒಂದೇ ದಿನಕ್ಕೆ ಮುಗಿಯುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ನಮಗೆ ಮೊದಲು ಹೇಳಿದ್ದು ಹದಿನೆಂಟು ಲಕ್ಷ. ‘ತಗೊಂಡ್ ಬಿಡ್ರಿ, ಮುಂದ ಇಷ್ಟೂ ಬರಂಗಿಲ್ಲ’ ಅಂತ ಪಕ್ಕದಲ್ಲಿ ನಿಂತವರೆಲ್ಲ ಅಂದರು. ಅಕ್ಕ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ನಮ್ಮ ಲೆಕ್ಕದ ಚೀಟಿ ಬಿಚ್ಚಿ ನೋಡಿದಳು. ತಲೆ ಅಲ್ಲಾಡಿಸಿದಳು. ಹೊರಗೆ ಬಂದೆವು. ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಗೆ ಒಪ್ಪುವುದರಲ್ಲಿ ತಪ್ಪಿಲ್ಲ, ಬೇಗ ಸಿಗುವುದಕ್ಕೂ ಬೆಲೆ ಇದೆ. ಅರ್ಧಕ್ಕೆ ಒಪ್ಪಬೇಡಿ.

ಆರನೇ ಹಂತ: ತೀರ್ಪಾದ ಮೇಲೆ

ಎದುರಿನವರು 30 ದಿನದೊಳಗೆ ಹಣ ಕಟ್ಟಬೇಕು. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ. ಮೊತ್ತ ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಅದಕ್ಕಾಗಿ ತೀರ್ಪಿನ ನಕಲಿಗೆ ಮೊದಲ ವಾರದಲ್ಲೇ ಅರ್ಜಿ ಹಾಕಿ.

ಹಣ ಎಲ್ಲವೂ ಒಮ್ಮೆಗೇ ಕೈಗೆ ಬರುವುದಿಲ್ಲ. ಮಕ್ಕಳ ಪಾಲನ್ನು 18 ತುಂಬುವವರೆಗೆ ಎಫ್‌ಡಿ ಇಡುತ್ತಾರೆ. ಹೆಂಡತಿಯ ಪಾಲಿನಲ್ಲೂ ಒಂದು ಭಾಗ ಎಫ್‌ಡಿಗೆ ಹೋಗುವುದುಂಟು. ನನಗೆ ಮೊದಲು ಸಿಟ್ಟು ಬಂದಿತ್ತು. ಆದರೆ ತೀರ್ಪಾದ ವಾರದಲ್ಲೇ ಮನೆಗೆ ಬಂದ ಸಾಲ ಕೇಳುವ ನೆಂಟರನ್ನು ನೋಡಿದ ಮೇಲೆ, ಕೋರ್ಟು ಮಾಡಿದ್ದೇ ಸರಿ ಅನಿಸಿತು. ತಿಂಗಳ ಬಡ್ಡಿ ನೇರವಾಗಿ ಖಾತೆಗೆ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಮಗುವಿನ ಶಾಲೆಗೆ, ಆಸ್ಪತ್ರೆಗೆ ಅವಧಿಗೆ ಮುಂಚೆ ಹಣ ಬೇಕಾದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಜೊತೆಗೆ ಫೀಸಿನ ರಸೀದಿ ಇಡಬೇಕು. ಅಕ್ಕ ಹೋದ ಜೂನ್‌ನಲ್ಲಿ ದೊಡ್ಡ ಮಗಳ ಹಾಸ್ಟೆಲ್ ಫೀಸಿಗೆ ಹಾಗೆಯೇ ಹಾಕಿದಳು. ಈ ಸಲ ಗಂಗಾವತಿಗೆ ಒಬ್ಬಳೇ ಬಸ್ ಹತ್ತಿ ಹೋಗಿ ಬಂದಳು.